ಹಳೆಯ ಫೈಬರ್ ದೋಣಿ ಕೊಳ್ಳುವ ಮುನ್ನ

ನಮ್ಮ ಕರಾವಳಿಯ ಮೂರು ಜಿಲ್ಲೆಗಳಲ್ಲಿ ಗದ್ದೆ ಮತ್ತು ಕಡಲು ಎರಡನ್ನೂ ನಂಬಿ ಬದುಕುವ ಕುಟುಂಬಗಳು ಸಾಕಷ್ಟಿವೆ. ಮುಂಗಾರಿನ ಭತ್ತ ಕೊಯ್ದು ಕಣಕ್ಕೆ ಬರುವ ಹೊತ್ತಿಗೆ ಕಡಲೂ ತಣ್ಣಗಾಗಿರುತ್ತದೆ. ಆಗ ಮನೆಯ ಇಬ್ಬರು ಮೂವರು ಸೇರಿ ಒಂದು ಸಣ್ಣ ದೋಣಿ ಇಳಿಸಿದರೆ ಬೇಸಿಗೆಯ ಖರ್ಚಿಗೆ ಒಂದು ದಾರಿಯಾಗುತ್ತದೆ. ಬೆಳೆಗಳ ಪುಟಗಳಲ್ಲಿ ದೋಣಿಯ ವಿಷಯವೇಕೆ ಎಂದು ಬಯಲುಸೀಮೆಯ ಓದುಗರು ಕೇಳಬಹುದು. ಕರಾವಳಿಯ ಕೃಷಿಕನ ಸಾಲದ ಪುಸ್ತಕದಲ್ಲಿ ಬೀಜ, ಗೊಬ್ಬರ, ಪಂಪ್‌ಸೆಟ್ಟಿನ ಪಕ್ಕದಲ್ಲೇ ದೋಣಿಯೂ ಕುಳಿತಿರುತ್ತದೆ. ದೋಣಿ ಕೈಕೊಟ್ಟರೆ ಅಡವಿಗೆ ಹೋಗುವುದು ಗದ್ದೆಯೇ. ಆದ್ದರಿಂದ ಇದು ಬೇಸಾಯದ ವಿಷಯವೂ ಹೌದು.

ಹೊಸ ದೋಣಿ ಮತ್ತು ಹೊಸ ಎಂಜಿನ್ ಎರಡನ್ನೂ ಒಟ್ಟಿಗೆ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಗಾಜಿನ ನಾರು ಮತ್ತು ರಾಳದಿಂದ ಮಾಡಿದ ದೋಣಿ, ಅಂದರೆ ನಾವು ಫೈಬರ್ ದೋಣಿ ಎನ್ನುವುದು, ಚೆನ್ನಾಗಿ ಕಟ್ಟಿದ್ದರೆ ದಶಕಗಳ ಕಾಲ ಬಾಳುತ್ತದೆ. ಆದರೆ ಎತ್ತು ಕೊಳ್ಳುವಾಗ ಹಲ್ಲು, ಸುಳಿ, ಗೊರಸು, ನಡಿಗೆ ಎಲ್ಲವನ್ನೂ ನೋಡುವ ನಮ್ಮ ಜನ ದೋಣಿ ಕೊಳ್ಳುವಾಗ ಬಣ್ಣ ನೋಡುತ್ತಾರೆ, ಎಂಜಿನ್ ಒಮ್ಮೆ ಎಳೆದು ಸದ್ದು ಕೇಳುತ್ತಾರೆ, ಮುಂಗಡ ಕೊಟ್ಟುಬಿಡುತ್ತಾರೆ. ನಷ್ಟ ತರುವ ದೋಷಗಳು ಬಹುಪಾಲು ಬಣ್ಣದ ಅಡಿಯಲ್ಲಿ, ದೋಣಿಯ ಹಿಂಬದಿಯ ಹಲಗೆಯ ಒಳಗೆ, ಹಲಗೆನೆಲದ ಕೆಳಗೆ ಇರುತ್ತವೆ. ಅವನ್ನು ಕಂಡುಹಿಡಿಯಲು ದುಬಾರಿ ಉಪಕರಣ ಬೇಡ. ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು, ಅರ್ಧ ದಿನದ ಬಿಡುವು ಇದ್ದರೆ ಸಾಕು.

ಮೊದಲು ನಿಮ್ಮ ಊರಿನ ಅಳಿವೆ

ದೋಣಿ ನೋಡಲು ಹೊರಡುವ ಮೊದಲು ಅದನ್ನು ಎಲ್ಲಿ ಇಳಿಸುತ್ತೀರಿ, ಎಲ್ಲಿ ಎಳೆದು ಹಾಕುತ್ತೀರಿ, ಎಷ್ಟು ದೂರ ಹೋಗುತ್ತೀರಿ ಎಂಬುದನ್ನು ನಿರ್ಧರಿಸಿಕೊಳ್ಳಿ. ತದಡಿ, ಹೊನ್ನಾವರ, ಗಂಗೊಳ್ಳಿಯಂಥ ಕಡೆ ನದಿಯ ಅಳಿವೆ ದಾಟಿಯೇ ಕಡಲಿಗೆ ಹೋಗಬೇಕು. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ಇರುತ್ತದೆ ಮತ್ತು ಪ್ರತಿ ಮಳೆಗಾಲದ ನಂತರ ಅದು ಜಾಗ ಬದಲಿಸುತ್ತದೆ. ನೀರಿನ ಆಳವು ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆ ಮಗುಚಿ ಒಡೆಯುತ್ತದೆ. ಹೊರಗೆ ಒಂದು ಮೀಟರ್ ಎತ್ತರದ ಸಾಧಾರಣ ಅಲೆ ಇದ್ದರೂ ದಿಬ್ಬದ ಮೇಲೆ ಒಂದೂಕಾಲು ಮೀಟರ್ ನೀರಷ್ಟೇ ಇದ್ದರೆ ಅಲ್ಲಿ ಅದು ಒಡೆಯುವ ಅಲೆಯೇ ಆಗುತ್ತದೆ. ಇಳಿತದ ವೇಳೆ ನದಿಯ ನೀರು ಹೊರಕ್ಕೆ ನುಗ್ಗುತ್ತಿದ್ದು ಎದುರಿನಿಂದ ಅಲೆ ಬರುತ್ತಿದ್ದರೆ ಅಲೆಗಳು ಇನ್ನೂ ಕಡಿದಾಗುತ್ತವೆ. ಸಣ್ಣ ದೋಣಿಗಳು ಮಗುಚುವುದು ಹೆಚ್ಚಾಗಿ ಇಂಥಲ್ಲಿ, ಅದೂ ಮೀನು ತುಂಬಿಕೊಂಡು ಮರಳುವಾಗ.

ಇಂಥ ಅಳಿವೆ ದಾಟುವವರಿಗೆ ತಳ ಸ್ವಲ್ಪ ಚೂಪಾಗಿದ್ದು, ಮುಂಭಾಗ ಎತ್ತರವಾಗಿ, ಅಂಚು ನೀರಿನಿಂದ ಸಾಕಷ್ಟು ಮೇಲಿರುವ ದೋಣಿ ಸೂಕ್ತ. ಅಳಿವೆಯಿಲ್ಲದೆ ತೆರೆದ ಮರಳಿನ ದಂಡೆಯಿಂದಲೇ ಇಳಿಸಿ ದಂಡೆಗೇ ಎಳೆಯುವ ಊರುಗಳಲ್ಲಿ ಹಗುರವಾದ, ಚಪ್ಪಟೆ ತಳದ ದೋಣಿಯೇ ಲೇಸು. ಚಪ್ಪಟೆ ತಳ ಅಲೆಯ ಮೇಲೆ ಬಡಿಯುತ್ತದೆ, ಸೊಂಟಕ್ಕೆ ನೋವು ಕೊಡುತ್ತದೆ. ಆದರೆ ಆರು ಜನ ಎಳೆಯಲಾಗದ ದೋಣಿಯನ್ನು ದಂಡೆಯ ಊರಿಗೆ ತಂದರೆ ದಿನವೂ ಕೂಲಿ ಕೊಡಬೇಕಾದೀತು.

ಈಚೆಗೆ ಕೆಲವರು ಹೊರದೇಶದ ಮಾದರಿಯ ಆಟದ ಮೀನುಗಾರಿಕೆಯ ದೋಣಿಗಳನ್ನು ನೋಡಿ ಮರುಳಾಗುತ್ತಿದ್ದಾರೆ. ಅವುಗಳ ತಳ ಬಹಳ ಚೂಪು. ವೇಗವಾಗಿ ಓಡಿ ನೀರಿನ ಮೇಲೆ ಎದ್ದು ಜಾರುವಂತೆ ಅವನ್ನು ರೂಪಿಸಿರುತ್ತಾರೆ. ಹಾಗೆ ಏಳಬೇಕಾದರೆ ದೊಡ್ಡ ಎಂಜಿನ್ ಬೇಕು, ಇಂಧನ ಬೇಕು. ನಿಧಾನವಾಗಿ ಓಡಿಸಿದರೆ ಅವುಗಳ ಗುಣವೇ ಸಿಗುವುದಿಲ್ಲ. ಬಲೆ ಬಿಟ್ಟು, ಗಾಳ ಎಳೆದು ಹೊಟ್ಟೆ ಹೊರೆಯುವವರಿಗೆ ಇದು ಸಲ್ಲದ ಕೊಳ್ಳುವಿಕೆ ಎಂಬುದು ನನ್ನ ಅಭಿಪ್ರಾಯ. ಹೋಂಸ್ಟೇ ಇಟ್ಟುಕೊಂಡು ಪ್ರವಾಸಿಗರನ್ನು ಗಾಳ ಹಾಕಲು ಕರೆದೊಯ್ಯುವ ಯೋಚನೆ ಇರುವವರೂ ಒಂದು ವಿಷಯ ನೆನಪಿಡಬೇಕು. ಮೀನುಗಾರಿಕೆಗೆಂದು ನೋಂದಾಯಿಸಿದ ದೋಣಿಯಲ್ಲಿ ಹಣ ಪಡೆದು ಜನರನ್ನು ಕೂರಿಸುವುದು ಬೇರೆಯೇ ಪರವಾನಗಿಯ ವಿಷಯ. ಅಪಘಾತವಾದಾಗ ವಿಮೆಯವರು ಮೊದಲು ಕೇಳುವುದು ಅದನ್ನೇ.

ಬಣ್ಣದ ಅಡಿಯಲ್ಲಿ

ದೋಣಿಯನ್ನು ನೀರಿನಿಂದ ಮೇಲಕ್ಕೆ ಎಳೆಸಿ, ತೊಳೆಸಿ, ಒಣಗಿಸಿ ನೋಡಬೇಕು. ನೀರಿನಲ್ಲಿ ತೇಲುತ್ತಿರುವ ದೋಣಿಯನ್ನು ನೋಡಿ ಬೆಲೆ ಮಾಡಬೇಡಿ. ಮೊನ್ನೆ ಮೊನ್ನೆ ಬಣ್ಣ ಬಳಿದಿದ್ದರೆ ಏಕೆ ಬಳಿದರು ಎಂದು ಕೇಳಿ. ಮಾರುವ ಮುನ್ನ ಅಂದ ಮಾಡುವುದು ಸಹಜ. ಆದರೆ ತಳಕ್ಕೆ ಮಾತ್ರ, ಅಥವಾ ಒಂದು ಮಗ್ಗುಲಿಗೆ ಮಾತ್ರ ಹೊಸ ಬಣ್ಣವಿದ್ದರೆ ಅಲ್ಲಿ ತೇಪೆ ಇರುವ ಸಂಭವ ಹೆಚ್ಚು.

ಈಗ ಸುತ್ತಿಗೆಯನ್ನು ತೆಗೆದುಕೊಂಡು, ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟುವಂತೆ, ತಳದುದ್ದಕ್ಕೂ ಅಂಗೈಯಗಲಕ್ಕೊಮ್ಮೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿಯಾದ ಕಡೆ ಟಣ್ ಎಂಬ ಚುರುಕು ಸದ್ದು ಬರುತ್ತದೆ. ಪದರಗಳು ಬಿಟ್ಟುಕೊಂಡ ಕಡೆ, ಒಳಗೆ ನೀರು ಕುಡಿದ ಕಡೆ, ಸದ್ದು ಮಂಕಾಗಿ ಬಡ್ ಎನ್ನುತ್ತದೆ. ಅಂಥ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ಒಂದೆರಡು ಗುರುತು ಬಿದ್ದರೆ ದುರಸ್ತಿಯ ಖರ್ಚು ಕಳೆದು ಬೆಲೆ ಮಾಡಬಹುದು. ತಳವೆಲ್ಲ ಸುಣ್ಣದ ಗುರುತಾದರೆ ಸುತ್ತಿಗೆ ಚೀಲಕ್ಕೆ ಹಾಕಿ ಮನೆಗೆ ಬನ್ನಿ.

ಬಿರುಕುಗಳಲ್ಲಿಯೂ ಭೇದವಿದೆ. ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ ಕೂದಲೆಳೆಯ ಬಿರುಕು ಎಲ್ಲೋ ಬಂಡೆಗೋ ದಕ್ಕೆಗೋ ತಾಗಿದ ಗುರುತು. ಹೊರಪದರದಲ್ಲಷ್ಟೇ ಇದ್ದರೆ ಚಿಂತೆಯಿಲ್ಲ. ಒಂದರ ಪಕ್ಕ ಒಂದು ಸಾಲಾಗಿ ಸಾಗುವ ಬಿರುಕುಗಳು ಕೆಟ್ಟವು. ಅಲ್ಲಿ ದೋಣಿಯ ಮೈ ಪ್ರತಿ ಅಲೆಗೂ ಬಾಗುತ್ತಿದೆ, ಒಳಗಿನ ಆಧಾರಪಟ್ಟಿ ಬಿಟ್ಟುಕೊಂಡಿದೆ ಎಂದು ಅರ್ಥ. ಇನ್ನೊಂದು ಲಕ್ಷಣ, ತಳದ ಮೇಲೆ ಹೆಸರುಕಾಳಿನಿಂದ ಹಿಡಿದು ಅಡಿಕೆಯಷ್ಟು ದಪ್ಪದ ಬೊಬ್ಬೆಗಳು. ಹೊರಪದರವನ್ನು ದಾಟಿ ನುಸುಳಿದ ನೀರು ರಾಳದೊಡನೆ ಬೆರೆತು ಈ ಬೊಬ್ಬೆಗಳನ್ನು ಎಬ್ಬಿಸುತ್ತದೆ. ಒಂದನ್ನು ಮಾರುವವನ ಒಪ್ಪಿಗೆ ಪಡೆದು ಚುಚ್ಚಿ ನೋಡಿದರೆ ಹುಳಿವಾಸನೆಯ, ಅಂಟಾದ ದ್ರವ ಬರುತ್ತದೆ. ಬೊಬ್ಬೆಗಳು ದೋಣಿಯನ್ನು ಇಂದೇ ಮುಳುಗಿಸುವುದಿಲ್ಲ. ಕೆರೆದು, ಚೆನ್ನಾಗಿ ಒಣಗಿಸಿ, ಮತ್ತೆ ರಾಳ ಹಚ್ಚಿದರೆ ಸರಿಹೋಗುತ್ತವೆ. ಒಣಗಲು ವಾರಗಳು ಬೇಕು, ಮಳೆಗಾಲದಲ್ಲಿ ಆಗದ ಕೆಲಸ.

ಎಲ್ಲಕ್ಕಿಂತ ಮುಖ್ಯವಾದುದು ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆ. ಹೊರಗೆ ಫೈಬರ್ ಕಂಡರೂ ಬಹಳ ದೋಣಿಗಳಲ್ಲಿ ಇದರ ಒಳಗೆ ಪ್ಲೈವುಡ್ ಇರುತ್ತದೆ. ಎಂಜಿನ್ನಿನ ಬೋಲ್ಟ್ ಕೂರಿಸಲು ಕೊರೆದ ತೂತುಗಳಿಗೆ ಸರಿಯಾಗಿ ಮೇಣ ತುಂಬದಿದ್ದರೆ ಅಲ್ಲಿಂದ ನೀರು ಇಳಿದು ಪ್ಲೈವುಡ್ ಕೊಳೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಪರೀಕ್ಷಿಸುವ ಬಗೆ ಹೀಗೆ: ಎಂಜಿನ್ ಕೂರಿಸಿದ್ದು, ನೆಟ್ಟಗೆ ಇಳಿಬಿಟ್ಟಿರುವಾಗ ಅದರ ಕೆಳಗಿನ ಕಾಲನ್ನು ಹಿಡಿದು ಬಲವಾಗಿ ಹಿಂದಕ್ಕೂ ಮುಂದಕ್ಕೂ ಜಗ್ಗಿ. ಇನ್ನೊಬ್ಬರು ಹಲಗೆಯ ಮೂಲೆಗಳನ್ನೇ ನೋಡುತ್ತಿರಲಿ. ಹಲಗೆ ಬಾಗಿದರೆ, ಮೂಲೆಯಲ್ಲಿ ಬಿರುಕು ಬಾಯಿ ತೆರೆದು ಮುಚ್ಚಿದರೆ, ಬೋಲ್ಟಿನ ಸುತ್ತ ಕಂದು ನೀರು ಜಿನುಗಿದರೆ ಒಳಗಿನ ಮರ ಹೋಗಿದೆ. ಒಂದು ಬೋಲ್ಟ್ ಬಿಚ್ಚಿಸಿ ತೂತಿನೊಳಗೆ ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಬರುವ ಪುಡಿ ಒಣಗಿದ ಹೊಟ್ಟಿನಂತಿರಬೇಕು. ಕಪ್ಪಗೆ, ಒದ್ದೆ ಕಾಫಿ ಚರಟದಂತೆ ಬಂದರೆ ಇಡೀ ಹಲಗೆಯನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕಾಗುತ್ತದೆ. ಅಳಿವೆಯ ನಡುವೆ ಎಂಜಿನ್ ಸಮೇತ ಈ ಹಲಗೆ ಕಳಚಿದರೆ ಏನಾದೀತು ಎಂಬುದನ್ನು ಹೇಳಬೇಕಾಗಿಲ್ಲ.

ಇನ್ನು ನೆಲದ ಕೆಳಗಿನ ಫೋಮ್. ದೋಣಿ ಮುಳುಗದಿರಲಿ ಎಂದು ಹಲವು ದೋಣಿಗಳಲ್ಲಿ ನೆಲದ ಅಡಿ ಫೋಮ್ ತುಂಬಿರುತ್ತಾರೆ. ವರ್ಷಗಳ ಕಾಲ ನೀರು ನಿಂತರೆ ಅದು ನೀರು ಕುಡಿಯುತ್ತದೆ, ಮತ್ತೆ ಬಿಡುವುದಿಲ್ಲ. ಒಂದು ಘನ ಅಡಿ ಜಾಗದಲ್ಲಿ ಸುಮಾರು 28 ಕಿಲೋ ನೀರು ಹಿಡಿಯುತ್ತದೆ. ಹತ್ತು ಘನ ಅಡಿ ಫೋಮ್ ಅರ್ಧದಷ್ಟು ಒದ್ದೆಯಾದರೂ 140 ಕಿಲೋ, ಅಂದರೆ ಹೆಚ್ಚುಕಡಿಮೆ ಮೂರು ಮೂಟೆ ಅಕ್ಕಿಯನ್ನು ನೀವು ದಿನವೂ ಕಡಲಿಗೆ ಕೊಂಡೊಯ್ದು ಹಿಂತರುತ್ತಿದ್ದೀರಿ, ಇಂಧನ ಸುಟ್ಟುಕೊಂಡು. ಮುಳುಗದಂತೆ ಕಾಯಬೇಕಾದ ಫೋಮ್ ಆಗ ಮುಳುಗಿಸುವ ಕಡೆಗೆ ಸೇರುತ್ತದೆ. ಇದನ್ನು ತಿಳಿಯಲು ರೈತರಿಗೆ ಪರಿಚಿತವಾದ ಉಪಾಯವಿದೆ. ದೋಣಿಯನ್ನು ಲಾರಿಗೆ ಏರಿಸಿ ಭತ್ತ ತೂಗುವ ವೇ ಬ್ರಿಜ್ಜಿಗೆ ಕೊಂಡೊಯ್ಯಿರಿ. ಖಾಲಿ ಲಾರಿಯ ತೂಕ ಕಳೆಯಿರಿ. ಅದೇ ಅಚ್ಚಿನ ಹೊಸ ದೋಣಿಯ ತೂಕವೆಷ್ಟೆಂದು ಕಟ್ಟುವವರಿಂದ ಕೇಳಿ ತಿಳಿಯಿರಿ. ವ್ಯತ್ಯಾಸ ನಿಮ್ಮ ಕಣ್ಣೆದುರಿಗೇ ಚೀಟಿಯಲ್ಲಿ ಅಚ್ಚಾಗಿ ಬರುತ್ತದೆ.

ಮರದ ದೋಣಿಯನ್ನೇ ಕೊಳ್ಳುವವರಿಗೆ ಇಷ್ಟು ಸಾಕು: ನೀರಿನ ಗೆರೆಯ ಆಸುಪಾಸಿನ ಹಲಗೆಗಳಿಗೂ ಮೊಳೆಗಳ ಬುಡಕ್ಕೂ ಚೂರಿಯ ತುದಿ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಬಿಡಿ.

ಎಂಜಿನ್ ನೋಡುವ ಬಗೆ

ಎಂಜಿನ್ ನೋಡಲು ಹೋದಾಗ ಮೊದಲು ಅದರ ಮೇಲೆ ಕೈ ಇಡಿ. ಬಿಸಿಯಾಗಿದ್ದರೆ ನೀವು ಬರುವ ಮುನ್ನವೇ ಓಡಿಸಿ ಸಿದ್ಧ ಮಾಡಿಟ್ಟಿದ್ದಾರೆ. ಚಹಾ ಕುಡಿದು ಬನ್ನಿ, ಅಥವಾ ಮರುದಿನ ಬೆಳಿಗ್ಗೆ ಹೋಗಿ. ತಣ್ಣಗಿರುವ ಎಂಜಿನ್ ಎರಡು ಮೂರು ಎಳೆತದಲ್ಲಿ ಹೊತ್ತಬೇಕು. ಬಿಸಿ ಎಂಜಿನ್ ಯಾರು ಎಳೆದರೂ ಹೊತ್ತುತ್ತದೆ. ಓಡುತ್ತಿರುವಾಗ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಒಂದೇ ಸಮನೆ ಚಿಮ್ಮುತ್ತಿರಬೇಕು. ಅದು ಎಂಜಿನ್ನನ್ನು ತಂಪು ಮಾಡಿ ಹೊರಬರುವ ನೀರು. ಧಾರೆ ತೊಟ್ಟಿಕ್ಕಿದರೆ ನೀರಿನ ಪಂಪಿನ ರಬ್ಬರ್ ಚಕ್ರ ಸವೆದಿರಬಹುದು. ಅದು ಸಣ್ಣ ಖರ್ಚು. ಒಳಗಿನ ದಾರಿಯೇ ಉಪ್ಪು ಕಟ್ಟಿ ಮುಚ್ಚಿದ್ದರೆ ದೊಡ್ಡ ಖರ್ಚು.

ಮೆಕ್ಯಾನಿಕನನ್ನು ಕರೆದೊಯ್ದು ಸಿಲಿಂಡರುಗಳ ಒತ್ತಡವನ್ನು ಅಳೆಸಿ. ಅಳತೆಯ ಅಂಕಿಗಿಂತಲೂ ಎರಡು ಸಿಲಿಂಡರುಗಳ ನಡುವಿನ ಅಂತರ ಮುಖ್ಯ. ಅದು ಶೇಕಡ 10ಕ್ಕಿಂತ ಹೆಚ್ಚಿದ್ದರೆ ಒಂದು ಸಿಲಿಂಡರ್ ಸವೆದಿದೆ ಅಥವಾ ಗೀರು ಬಿದ್ದಿದೆ. ಕೆಳಗಿನ ಗೇರ್ ಪೆಟ್ಟಿಗೆಯ ತಿರುಪನ್ನು ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಎಣ್ಣೆಯನ್ನು ಅಂಗೈಗೆ ಹಿಡಿಯಿರಿ. ಮಜ್ಜಿಗೆಯಂತೆ ಬೆಳ್ಳಗೆ ಕದಡಿದ್ದರೆ ನೀರು ಸೇರಿದೆ. ಹೊಳೆಯುವ ಲೋಹದ ಚೂರು ಕಂಡರೆ ಹಲ್ಲು ಉದುರುತ್ತಿದೆ. ನೀರು ಸೇರಲು ಬಹಳ ಸಲ ಕಾರಣ ಗಾಳದ ದಾರವೇ. ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡು ರಬ್ಬರ್ ಸೀಲನ್ನು ಕೊಯ್ದುಬಿಡುತ್ತದೆ. ಪ್ರೊಪೆಲ್ಲರ್ ಕಳಚಿಸಿ ನೋಡುವುದಕ್ಕೆ ಐದು ನಿಮಿಷ ಸಾಕು. ಎಂಜಿನ್ನಿನ ಕಾಲಿಗೆ ಅಂಟಿಸಿರುವ ಸತುವಿನ ತುಂಡನ್ನೂ ಗಮನಿಸಿ. ಉಪ್ಪುನೀರು ಎಂಜಿನ್ನಿನ ಮೈಯನ್ನು ತಿನ್ನುವ ಬದಲು ಮೊದಲು ಈ ತುಂಡನ್ನು ತಿನ್ನಲಿ ಎಂದು ಅದನ್ನು ಇಟ್ಟಿರುತ್ತಾರೆ. ಅದು ಅರ್ಧ ಸವೆದಿದ್ದರೆ ಹೊಸದು ಹಾಕುವ ಕಾಲ. ಪೂರ್ತಿ ಮಾಯವಾಗಿದ್ದರೆ, ಅಥವಾ ಅದರ ಮೇಲೂ ಬಣ್ಣ ಬಳಿದಿದ್ದರೆ, ಆ ಯಜಮಾನ ಎಂಜಿನ್ನನ್ನು ಹೇಗೆ ನೋಡಿಕೊಂಡಿದ್ದಾನೆ ಎಂಬುದು ಬೇರೆ ಹೇಳಬೇಕಿಲ್ಲ.

ಎಂಜಿನ್ನಿನ ಕಾಲಿನ ಉದ್ದವನ್ನು ಅಳೆಯಲು ಮರೆಯುವವರೇ ಹೆಚ್ಚು. ಸಣ್ಣ ಕಾಲಿನ ಎಂಜಿನ್ ಸುಮಾರು 15 ಅಂಗುಲದ ಹಲಗೆಗೆ, ಉದ್ದ ಕಾಲಿನದು ಸುಮಾರು 20 ಅಂಗುಲದ ಹಲಗೆಗೆ ಸರಿಹೊಂದುತ್ತದೆ. ಪ್ರೊಪೆಲ್ಲರಿನ ಮೇಲಿರುವ ಅಡ್ಡ ತಟ್ಟೆ ದೋಣಿಯ ತಳದ ಮಟ್ಟಕ್ಕೆ, ಅಥವಾ ಅದಕ್ಕಿಂತ ಒಂದು ಅಂಗುಲ ಕೆಳಗೆ ಬರಬೇಕು. ದೋಣಿ ಒಬ್ಬರಲ್ಲಿ, ಎಂಜಿನ್ ಇನ್ನೊಬ್ಬರಲ್ಲಿ ಕೊಂಡಾಗ ಈ ಅಳತೆ ತಪ್ಪುತ್ತದೆ. ಎತ್ತರದ ಹಲಗೆಗೆ ಗಿಡ್ಡ ಕಾಲಿನ ಎಂಜಿನ್ ಕೂರಿಸಿದರೆ ಹೊಳೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಅಳಿವೆಯಲ್ಲಿ ಹಿಂಬದಿ ಎದ್ದಾಗ ಪ್ರೊಪೆಲ್ಲರ್ ಗಾಳಿ ಕಚ್ಚುತ್ತದೆ, ಎಂಜಿನ್ ಕಿರುಚುತ್ತದೆ, ದೋಣಿ ಅಲೆಗೆ ಅಡ್ಡವಾಗಿ ನಿಲ್ಲುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ನಮ್ಮ ಕಬ್ಬು ಮತ್ತು ಮೆಕ್ಕೆಜೋಳಕ್ಕೆ ಇದರಿಂದ ಮಾರುಕಟ್ಟೆ ಸಿಕ್ಕಿದೆ, ಸಂತೋಷವೇ. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಕಡಲ ದಂಡೆಯಲ್ಲಿ ವಾರಗಟ್ಟಲೆ ಇಟ್ಟ ಟ್ಯಾಂಕಿನಲ್ಲಿ ನೀರು ಹೆಚ್ಚಾದರೆ ಎಥನಾಲ್ ನೀರಿನೊಡನೆ ಸೇರಿ ಅಡಿಗೆ ಇಳಿಯುತ್ತದೆ, ಆ ಅಡಿಯಿಂದಲೇ ಎಂಜಿನ್ ಹೀರುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನೂ ಅದು ಮೆದುವಾಗಿಸುತ್ತದೆ. ಹಾಗಾಗಿ ಹಳೆಯ ಎಂಜಿನ್ ಕೊಂಡ ದಿನವೇ ಇಂಧನದ ಕೊಳವೆ, ಫಿಲ್ಟರುಗಳನ್ನು ಹೊಸದು ಹಾಕಿಸುವುದು ಒಳ್ಳೆಯದು. ದೋಣಿಯ ಮೈಯೊಳಗೇ ಕಟ್ಟಿದ ಫೈಬರ್ ಟ್ಯಾಂಕಿಗಿಂತ ಎತ್ತಿಡುವ ಟ್ಯಾಂಕು ಲೇಸು. ಸೀಮೆಎಣ್ಣೆಯ ಎಂಜಿನ್ನಾಗಿದ್ದರೆ ಬೆಲೆ ಮಾಡುವ ಮುನ್ನ ನಿಮ್ಮ ಊರಿನಲ್ಲಿ ಸೀಮೆಎಣ್ಣೆ ಯಾರಿಂದ, ಯಾವ ದರಕ್ಕೆ, ವರ್ಷದ ಯಾವ ತಿಂಗಳು ಸಿಗುತ್ತದೆ ಎಂದು ವಿಚಾರಿಸಿ.

ಎಷ್ಟು ಅಶ್ವಶಕ್ತಿ, ಎಷ್ಟು ಇಂಧನ

ನೀರನ್ನು ಸೀಳಿ ಸಾಗುವ ದೋಣಿಗೆ ಅದರ ಉದ್ದವೇ ಒಂದು ವೇಗದ ಮಿತಿ ಹಾಕುತ್ತದೆ. ನೀರಿನ ಗೆರೆಯಲ್ಲಿ 25 ಅಡಿ ಉದ್ದವಿರುವ ತುಂಬಿದ ದೋಣಿಗೆ ಆ ಮಿತಿ ಗಂಟೆಗೆ ಸುಮಾರು 6.7 ನಾಟಿಕಲ್ ಮೈಲಿ, ಅಂದರೆ 12 ಕಿಲೋಮೀಟರಿನ ಆಸುಪಾಸು. ಅದನ್ನು ಮೀರಲು ಅಶ್ವಶಕ್ತಿ ಹೆಚ್ಚಿಸುತ್ತ ಹೋದರೆ ಇಂಧನ ಏರುವಷ್ಟು ವೇಗ ಏರುವುದಿಲ್ಲ. ಸಣ್ಣ ಹಿಡುವಳಿಗೆ ದೊಡ್ಡ ಟ್ರಾಕ್ಟರ್ ಕೊಂಡ ಹಾಗೆ.

ಕಾನೂನಿನ ಕಡೆಯಿಂದಲೂ ಇದಕ್ಕೆ ಅರ್ಥವಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಹೊಂದಿದ ನಾಡದೋಣಿಗಳಿಗೆ ವಿನಾಯಿತಿ ಇದೆ. ಮಾರುಕಟ್ಟೆಯಲ್ಲಿ 9.9 ಅಶ್ವಶಕ್ತಿಯ ಎಂಜಿನ್ನಿಗೆ ಅಷ್ಟು ಬೇಡಿಕೆ ಇರುವುದಕ್ಕೆ ಇದೂ ಒಂದು ಕಾರಣ. ವಿನಾಯಿತಿ ಇದೆಯೆಂದು ಆ ತಿಂಗಳ ಕಡಲಿಗೆ ಇಳಿಯಿರೆಂದು ನಾನು ಹೇಳುತ್ತಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ನೀವು 12 ನಾಟಿಕಲ್ ಮೈಲಿ, ಸುಮಾರು 22 ಕಿಲೋಮೀಟರ್, ಹೊರಗೆ ಹೋಗಿ ಅಂಜಲ್, ಕೇದರಗಳಿಗೆ ಗಾಳ ಎಳೆಯುತ್ತೀರಿ ಎನ್ನಿ. ಗಂಟೆಗೆ ಆರು ಮೈಲಿಯಂತೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಅಲ್ಲಿ ಓಡಾಟಕ್ಕೆ ಒಂದು ಗಂಟೆ, ಒಟ್ಟು ಐದು ಗಂಟೆ. 9.9 ಅಶ್ವಶಕ್ತಿಯ ಟು ಸ್ಟ್ರೋಕ್ ಎಂಜಿನ್ ಪೂರ್ತಿ ಓಟದಲ್ಲಿ ಗಂಟೆಗೆ ಸುಮಾರು ನಾಲ್ಕೂವರೆ ಲೀಟರ್ ಕುಡಿಯುತ್ತದೆ. ಫೋರ್ ಸ್ಟ್ರೋಕ್ ಆದರೆ ಸುಮಾರು ಮೂರು ಲೀಟರ್. ಹೀಗೆ ಮೊದಲನೆಯದಕ್ಕೆ 22.5 ಲೀಟರ್, ಎರಡನೆಯದಕ್ಕೆ 15 ಲೀಟರ್ ಖರ್ಚು. ಟ್ಯಾಂಕಿನಲ್ಲಿರುವುದರ ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಮುಟ್ಟದೆ ಉಳಿಸಲು ಎಂಬ ನಿಯಮವನ್ನು ಪಾಲಿಸಿದರೆ ದಂಡೆ ಬಿಡುವಾಗ ಕ್ರಮವಾಗಿ 34 ಮತ್ತು 23 ಲೀಟರ್ ಇರಬೇಕು. ಹಂಗಾಮಿನಲ್ಲಿ ನೂರು ಸಲ ಹೋದರೆ ಎರಡು ಎಂಜಿನ್ನುಗಳ ನಡುವಿನ ಖರ್ಚಿನ ವ್ಯತ್ಯಾಸ 750 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೂ 75,000 ರೂಪಾಯಿ. ಅಗ್ಗದ ಹಳೆಯ ಟು ಸ್ಟ್ರೋಕ್ ಎಂಜಿನ್ ಎಷ್ಟು ಅಗ್ಗ ಎಂಬುದನ್ನು ಈ ಲೆಕ್ಕದ ನಂತರ ಮತ್ತೊಮ್ಮೆ ಯೋಚಿಸಿ. ವರ್ಷಕ್ಕೆ ಇಪ್ಪತ್ತು ಸಲ, ಹೊಳೆಯ ಬಾಯಿಯ ಆಚೀಚೆ ಮಾತ್ರ ಹೋಗುವವರಿಗೆ ಅದೇ ಲಾಭ. ಅದು ಹಗುರ, ದುರಸ್ತಿಯೂ ಸುಲಭ.

ಕಡಲಿನಲ್ಲಿ ಪರೀಕ್ಷೆ

ಮಾರುವವರು ಸಾಮಾನ್ಯವಾಗಿ ಖಾಲಿ ದೋಣಿಯನ್ನು ಹೊಳೆಯಲ್ಲಿ ಒಂದು ಸುತ್ತು ಹಾಕಿ ತೋರಿಸುತ್ತಾರೆ. ಅದಕ್ಕೆ ತೃಪ್ತರಾಗಬೇಡಿ. ನಿಮ್ಮ ಬಲೆ, ಮಂಜುಗಡ್ಡೆ, ಇಂಧನ ಮತ್ತು ಒಳ್ಳೆಯ ದಿನದ ಮೀನಿನ ತೂಕಕ್ಕೆ ಸಮನಾಗಿ ಮರಳಿನ ಚೀಲ ಹಾಕಿ, ನಿಮ್ಮಷ್ಟೇ ಜನ ಕುಳಿತು, ನೀರಿನಿಂದ ಅಂಚಿಗೆ ಎಷ್ಟು ಎತ್ತರ ಉಳಿಯಿತು ಎಂದು ನಾಲ್ಕು ಕಡೆ ಅಳೆಯಿರಿ. ಎಲ್ಲರೂ ಒಂದು ಮಗ್ಗುಲಿಗೆ ಸರಿದು ಮತ್ತೆ ನಡುವಿಗೆ ಬನ್ನಿ. ದೋಣಿ ಚುರುಕಾಗಿ ನೆಟ್ಟಗಾಗಬೇಕು. ಮಲಗಿದಲ್ಲೇ ತಡೆದು, ಯೋಚಿಸಿದಂತೆ ನಿಧಾನವಾಗಿ ಏಳುವ ದೋಣಿಯ ಹೊಟ್ಟೆಯಲ್ಲಿ ನೀರಿದೆ ಅಥವಾ ಮೇಲ್ಭಾಗದಲ್ಲಿ ಭಾರ ಹೆಚ್ಚಿದೆ. ನಂತರ ಒಂದು ಗಂಟೆ ಹೊರಗೆ ಓಡಿಸಿ ಬನ್ನಿ. ದಂಡೆಗೆ ಬಂದ ಮೇಲೆ ನೆಲದ ಹಲಗೆ ಎತ್ತಿ ಎಷ್ಟು ನೀರು ಸೇರಿದೆ ನೋಡಿ.

ಕೊಳ್ಳಲು ಅನುಕೂಲದ ಕಾಲ ಏಪ್ರಿಲ್ ಮತ್ತು ಮೇ. ಮಾರುವವನಿಗೆ ಮಳೆಗಾಲದಲ್ಲಿ ದೋಣಿಯನ್ನು ಕಾಯುವುದು ಹೊರೆ, ಆದ್ದರಿಂದ ಮಾತಿಗೆ ಬಗ್ಗುತ್ತಾನೆ. ಕಡಲೂ ಪರೀಕ್ಷೆಗೆ ಸಿಗುತ್ತದೆ. ಜೂನ್ ಕಳೆದ ಮೇಲೆ ಚಪ್ಪರದಡಿಯಲ್ಲಿರುವ ದೋಣಿಯನ್ನು ಮಾತಿನ ಮೇಲೆ ಕೊಳ್ಳಬೇಕಾಗುತ್ತದೆ.

ಊರಿಗೆ ತರುವುದು

ಬೇರೆ ಊರಿನಿಂದ ದೋಣಿ ತರುವಾಗ ಆಗುವ ಹಾನಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೋಣಿಯ ಮೈ ನೀರಿನ ಸಮನಾದ ಒತ್ತಡಕ್ಕೆ ಮಾಡಿದ್ದು. ಎರಡು ತೆಂಗಿನ ದಿಮ್ಮಿಯ ಮೇಲೆ ಇಟ್ಟು ಐವತ್ತು ಕಿಲೋಮೀಟರ್ ಕುಲುಕಿಸಿದರೆ ದಿಮ್ಮಿ ತಾಗಿದ ಕಡೆ ಒಳಪದರ ಬಿರಿಯುತ್ತದೆ. ನಡುವಿನ ಬೆನ್ನೆಲುಬಿನ ಉದ್ದಕ್ಕೂ ಆಧಾರ ಸಿಗುವಂತೆ ಹಲಗೆ ಕೊಟ್ಟು, ಮಗ್ಗುಲಿಗೆ ಹುಲ್ಲು ತುಂಬಿದ ಚೀಲಗಳನ್ನು ಒತ್ತಿ, ಅಗಲ ಪಟ್ಟಿಯಿಂದ ಕಟ್ಟಿ. ಎಂಜಿನ್ ಕಳಚಿ ಬೇರೆಯಾಗಿ ತನ್ನಿ.

ಟ್ರಾಕ್ಟರ್ ಅಥವಾ ಜೀಪಿನ ಹಿಂದೆ ಎರಡು ಗಾಲಿಯ ಟ್ರೈಲರಿನಲ್ಲಿ ಎಳೆಯುವುದಾದರೆ ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲಾದರೂ ಕೊಂಡಿಯ ಮೇಲೆ ಬೀಳುವಂತೆ ದೋಣಿಯನ್ನು ಮುಂದಕ್ಕೆ ಸರಿಸಬೇಕು. ಸಾವಿರ ಕಿಲೋಗೆ ನೂರು ಕಿಲೋ. ಭಾರ ಹಿಂದಕ್ಕೆ ಬಿದ್ದರೆ ಟ್ರೈಲರ್ ಬಾಲ ಅಲ್ಲಾಡಿಸಲು ತೊಡಗುತ್ತದೆ, ಇಳಿಜಾರಿನಲ್ಲಿ ಎಳೆಯುವ ವಾಹನವನ್ನೇ ತಿರುಗಿಸಿಬಿಡುತ್ತದೆ. ಹಿಂದೆ ಚಾಚಿದ ತುದಿಗೆ ಹಗಲು ಕೆಂಪು ಬಟ್ಟೆ, ರಾತ್ರಿ ಕೆಂಪು ದೀಪ. ಟ್ರೈಲರನ್ನೇ ನೀರಿಗೆ ಇಳಿಸಿ ದೋಣಿ ಬಿಡುವವರು ಓಡಿ ಬಂದ ಬಿಸಿ ಗಾಲಿಯನ್ನು ತಕ್ಷಣ ನೀರಿಗೆ ಇಳಿಸಬಾರದು. ಬಿಸಿ ಬೇರಿಂಗ್ ತಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿ.

ಕಾಗದಪತ್ರ ಮತ್ತು ಹಣ

ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯಿದೆ 1986ರ ಪ್ರಕಾರ ಮೀನುಗಾರಿಕೆ ದೋಣಿಗೆ ನೋಂದಣಿ ಮತ್ತು ಪರವಾನಗಿ ಎರಡೂ ಬೇಕು. 2008ರ ನವೆಂಬರಿನಲ್ಲಿ ಮುಂಬೈಗೆ ಬಂದ ದಾಳಿಕೋರರು ಅಪಹರಿಸಿದ ಮೀನುಗಾರಿಕೆ ದೋಣಿಯಲ್ಲಿ ಬಂದಿದ್ದರು. ಅಲ್ಲಿಂದೀಚೆಗೆ ಕಡಲಿನಲ್ಲಿ ದಾಖಲೆ ಪರಿಶೀಲನೆ ಬಿಗಿಯಾಗಿದೆ, ದೋಣಿಯಲ್ಲಿರುವವರ ಗುರುತಿನ ಚೀಟಿಯನ್ನೂ ಕೇಳುತ್ತಾರೆ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಮಾರುವವರೊಂದಿಗೆ ಹೋಗಿ ದೋಣಿ ಯಾರ ಹೆಸರಿನಲ್ಲಿದೆ, ಬ್ಯಾಂಕು ಅಥವಾ ಸಹಕಾರ ಸಂಘದ ಸಾಲ ಬಾಕಿ ಇದೆಯೇ ಎಂದು ನೋಡಿ. ಎಂಜಿನ್ನಿನ ಮೇಲೆ ಅಚ್ಚೊತ್ತಿದ ಸಂಖ್ಯೆ ದಾಖಲೆಯಲ್ಲಿರುವ ಸಂಖ್ಯೆಗೆ ತಾಳೆಯಾಗಬೇಕು. ಉಜ್ಜಿ ಅಳಿಸಿದ ಸಂಖ್ಯೆಯ ಎಂಜಿನ್ ಎಷ್ಟು ಅಗ್ಗವಾದರೂ ಬೇಡ. ಹಣದ ಕೊನೆಯ ಕಂತು ಹೆಸರು ವರ್ಗಾವಣೆಯಾದ ದಿನ ಕೊಡುವಂತೆ ಬರೆಸಿಕೊಳ್ಳಿ. ಮಾವನ ಮಗನಾದರೂ ಸರಿ, ಬರಹ ಇರಲಿ.

ಕಿಸಾನ್ ಕ್ರೆಡಿಟ್ ಕಾರ್ಡನ್ನು 2018-19ರಿಂದ ಮೀನುಗಾರರಿಗೂ ವಿಸ್ತರಿಸಲಾಗಿದೆ. ಅದು ಇಂಧನ, ಮಂಜುಗಡ್ಡೆ, ಕೂಲಿಯಂಥ ಚಾಲ್ತಿ ಖರ್ಚಿಗೆ ಇರುವ ಸಾಲ. ಬೆಳೆಸಾಲದ ಹಣದಲ್ಲಿ ದೋಣಿ ಕೊಂಡರೆ ಮುಂದಿನ ನಾಟಿಯ ಹೊತ್ತಿಗೆ ಗೊಬ್ಬರಕ್ಕೆ ಹಣವಿರುವುದಿಲ್ಲ, ಸಾಲವೂ ಸುಸ್ತಿಯಾಗುತ್ತದೆ. ದೋಣಿಗೆ ಅವಧಿ ಸಾಲವನ್ನೇ ಕೇಳಿ. ಹೊಸ ದೋಣಿಗೆ ಸಹಾಯಧನ ಸಿಗುವ ಯೋಜನೆ ಈ ವರ್ಷ ಇದೆಯೇ ಎಂದು ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಕೆಲವೊಮ್ಮೆ ಸಹಾಯಧನ ಕಳೆದ ಹೊಸದು, ದುರಸ್ತಿ ಸೇರಿಸಿದ ಹಳೆಯದಕ್ಕೆ ಸಮೀಪ ಬಂದು ನಿಲ್ಲುತ್ತದೆ. ತಾಂತ್ರಿಕ ಸಂದೇಹಗಳಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜನ್ನು ಸಂಪರ್ಕಿಸಬಹುದು.

ಕೊಂಡ ದೋಣಿಯೊಂದಿಗೆ ಬಾರದ ಕೆಲವು ವಸ್ತುಗಳಿಗೂ ಹಣ ತೆಗೆದಿಡಿ. ತಲೆಗೊಂದು ಜೀವರಕ್ಷಕ ಜಾಕೆಟ್, ಒಂದು ಜೊತೆ ಹುಟ್ಟು, ನೀರಿನ ಆಳದ ಐದರಿಂದ ಏಳು ಪಟ್ಟು ಉದ್ದದ ಹಗ್ಗವಿರುವ ಲಂಗರು, ಬಿಡಿ ಸ್ಪಾರ್ಕ್ ಪ್ಲಗ್, ಸೀಟಿ, ಟಾರ್ಚು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ, ಅಂದರೆ ಇನ್‌ಕಾಯ್ಸ್, ಪ್ರಕಟಿಸುವ ಅಲೆಯ ಮುನ್ಸೂಚನೆಯನ್ನು ಹೊರಡುವ ಹಿಂದಿನ ಸಂಜೆ ನೋಡಿ. ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554, ಕರಾವಳಿ ಪೊಲೀಸರದು 1093. ಎರಡನ್ನೂ ದೋಣಿಯ ಒಳಮೈಗೆ ಬಣ್ಣದಲ್ಲಿ ಬರೆಸಿಬಿಡಿ, ಫೋನಿನ ಒಳಗೆ ಮಾತ್ರ ಇಟ್ಟುಕೊಳ್ಳಬೇಡಿ.

ದೋಣಿ ಮನೆಗೆ ಬಂದ ಮೇಲೆ ಪ್ರತಿ ದಿನದ ಓಟದ ನಂತರ ಎಂಜಿನ್ನನ್ನು ಹತ್ತು ನಿಮಿಷ ಸಿಹಿನೀರಿನಲ್ಲಿ ಓಡಿಸಿ. ಒಂದು ಡ್ರಮ್ಮು ಮತ್ತು ಬಾವಿಯ ನೀರು ಸಾಕು. ಮಳೆಗಾಲದಲ್ಲಿ ದೋಣಿಯನ್ನು ಮೂತಿ ಮೇಲಾಗಿ ವಾಲಿಸಿಟ್ಟು, ಹಿಂದಿನ ನೀರುತೂತಿನ ಬಿರಡೆ ತೆಗೆದು, ಮೇಲೆ ಮಡಲಿನ ಚಪ್ಪರ ಹಾಕಿ. ತೆಗೆದ ಬಿರಡೆಯನ್ನು ಎಂಜಿನ್ನಿನ ಹಿಡಿಗೇ ದಾರದಿಂದ ಕಟ್ಟಿಡಿ.